ನ್ಯಾನೋತಂತಿ ಟ್ರಾನ್ಸಿಸ್ಟರ್‌ನಲ್ಲಿ ಪ್ರೋಟೀನ್ ಪತ್ತೆ: ಮೊದಲ ಚಿಪ್‌ನಿಂದ ನಂಬುವಂಥ ಅಳತೆಯವರೆಗೆ

ಸಿಲಿಕಾನ್ ತಂತಿಗೆ ಅಣುಗಳ ಹೆಸರು ಗೊತ್ತಿಲ್ಲ. ತನ್ನ ಮೈ ಹತ್ತಿರ ಚಾರ್ಜ್ ಬದಲಾಯಿತು ಅನ್ನುವುದಷ್ಟೇ ಅದಕ್ಕೆ ತಿಳಿಯುತ್ತದೆ. ಪ್ರೋಟೀನ್ ಬಂದು ಕೂತರೂ ಕರೆಂಟ್ ಬದಲಾಗುತ್ತದೆ. ಬಫರ್‌ನ (ಪಿಹೆಚ್ ಹಿಡಿದಿಡುವ ದ್ರಾವಣ) ಪಿಹೆಚ್ ಒಂಚೂರು ಜರುಗಿದರೂ ಬದಲಾಗುತ್ತದೆ. ಉಪ್ಪು ಹೆಚ್ಚು ಕಡಿಮೆಯಾದರೂ, ಮೈಕ್ರೋಸ್ಕೋಪಿನ ದೀಪ ಉರಿಯುತ್ತಿದ್ದರೂ ಬದಲಾಗುತ್ತದೆ. ಹಾಗಾಗಿ ಈ ಕೆಲಸದಲ್ಲಿ ಸಿಗ್ನಲ್ ಸಿಗುವುದು ಸುಲಭ. ಅದು ನಾವು ಹುಡುಕುವ ಅಣುವಿನದ್ದೇ ಎಂದು ತೋರಿಸುವುದರಲ್ಲೇ ತಿಂಗಳುಗಳು ಹೋಗುತ್ತವೆ. ಈ ಮಾರ್ಗದರ್ಶಿಯನ್ನು ಆ ಎರಡನೆಯ ಕೆಲಸ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಎಂಎಸ್ಸಿ, ಎಂಟೆಕ್ ಅಥವಾ ಪಿಎಚ್‌ಡಿಯ ಮೊದಲ ವರ್ಷದಲ್ಲಿ ಈ ಕೆಲಸಕ್ಕೆ ಕೈ ಹಾಕುವವರಿಗೆ ಇದು.

ಕೆಲಸ ಮಾಡುವ ಬಗೆ

ಸಾಮಾನ್ಯ ಟ್ರಾನ್ಸಿಸ್ಟರ್‌ನಲ್ಲಿ ಸೋರ್ಸ್, ಡ್ರೇನ್, ಗೇಟ್ ಎಂದು ಮೂರು ತುದಿಗಳು. ಗೇಟ್‌ಗೆ ಕೊಟ್ಟ ವೋಲ್ಟೇಜ್ ಸೋರ್ಸ್‌ನಿಂದ ಡ್ರೇನ್‌ಗೆ ಹರಿಯುವ ಕರೆಂಟನ್ನು ಹೆಚ್ಚು ಕಡಿಮೆ ಮಾಡುತ್ತದೆ. ಗೇಟ್‌ನ ಲೋಹ ತೆಗೆದು ಆ ಜಾಗದಲ್ಲಿ ನೀರಿನ ದ್ರಾವಣ ಇಟ್ಟರೆ, ದ್ರಾವಣದಿಂದ ಬಂದು ಅಂಟಿಕೊಳ್ಳುವ ಚಾರ್ಜ್ ಗೇಟ್‌ನ ಕೆಲಸ ಮಾಡುತ್ತದೆ. ಈ ಆಲೋಚನೆ ಹಳೆಯದು. ನೆದರ್ಲೆಂಡ್ಸ್‌ನ ಪೀಟ್ ಬರ್ಗ್‌ವೆಲ್ಡ್ 1970ರಲ್ಲೇ ಅಯಾನುಗಳನ್ನು ಗುರುತಿಸುವ ಇಂಥ ಟ್ರಾನ್ಸಿಸ್ಟರ್ ಬಗ್ಗೆ ಬರೆದರು. 2001ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಲೀಬರ್ ಗುಂಪು ಚಪ್ಪಟೆ ಸಿಲಿಕಾನ್ ಬದಲು ಕೆಲವೇ ಹತ್ತು ನ್ಯಾನೋಮೀಟರ್ ದಪ್ಪದ ತಂತಿ ಬಳಸಿ ಪಿಹೆಚ್, ಸ್ಟ್ರೆಪ್ಟಾವಿಡಿನ್ ಪ್ರೋಟೀನ್ ಮತ್ತು ಕ್ಯಾಲ್ಸಿಯಂ ಅಯಾನುಗಳನ್ನು ಪತ್ತೆ ಮಾಡಿತು.

ತಂತಿ ಯಾಕೆ? ಚಪ್ಪಟೆ ಹಾಳೆಯ ಮೇಲೆ ಅಣು ಕೂತರೆ ಅದರ ಪ್ರಭಾವ ಮೇಲ್ಪದರದಲ್ಲೇ ಉಳಿಯುತ್ತದೆ. ಕೆಳಗೆ ಕರೆಂಟ್ ಎಂದಿನಂತೆ ಹರಿಯುತ್ತದೆ. ತಂತಿ ತೆಳುವಾದಷ್ಟೂ ಮೈಯೇ ಜಾಸ್ತಿ, ಒಳಗಿನ ಜಾಗ ಕಡಿಮೆ. ಮೇಲೆ ಕೂತ ಚಾರ್ಜ್ ತಂತಿಯ ಇಡೀ ಅಡ್ಡಕೊಯ್ತದಲ್ಲಿ ಕರೆಂಟನ್ನು ಅಲುಗಿಸಬಲ್ಲದು.

ದಿಕ್ಕು ನೆನಪಿಡಿ. ಪಿ-ಬಗೆಯ ತಂತಿಯಲ್ಲಿ ಕರೆಂಟ್ ಹೊರುವುದು ಧನ ಚಾರ್ಜಿನ ಹೋಲ್‌ಗಳು. ಋಣ ಚಾರ್ಜಿನ ಪ್ರೋಟೀನ್ ಕೂತರೆ ಹೋಲ್‌ಗಳು ಜಾಸ್ತಿಯಾಗಿ ಕರೆಂಟ್ ಏರುತ್ತದೆ. ಎನ್-ಬಗೆಯ ತಂತಿಯಲ್ಲಿ ಇದೇ ಪ್ರೋಟೀನ್ ಕರೆಂಟನ್ನು ಇಳಿಸುತ್ತದೆ. ಈ ತಿರುವುಮುರುವು ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಚಿಪ್‌ಗಿಂತ ಮೊದಲು ಅಣು ಆರಿಸಿ

ಬಹಳ ಜನ ಚಿಪ್ ಮಾಡಿಕೊಂಡ ಮೇಲೆ ಏನು ಅಳೆಯೋಣ ಎಂದು ಯೋಚಿಸುತ್ತಾರೆ. ಅದು ತಲೆಕೆಳಗಾದ ದಾರಿ. ಮೂರು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆದುಕೊಳ್ಳಿ. ಎಷ್ಟು ಕಡಿಮೆ ಸಾಂದ್ರತೆ ಅಳೆಯಬೇಕು? ನಿಮ್ಮ ಬಫರ್‌ನ ಪಿಹೆಚ್‌ನಲ್ಲಿ ಆ ಅಣುವಿಗೆ ಎಷ್ಟು ಚಾರ್ಜ್ ಇದೆ? ಅದನ್ನು ಹಿಡಿಯಲು ತಂತಿಯ ಮೈಗೆ ಅಂಟಿಸುವ ಅಣು ಎಷ್ಟು ಉದ್ದ?

ಪಿಎಸ್‌ಎ ಪ್ರೋಟೀನ್ ತೆಗೆದುಕೊಳ್ಳೋಣ. ಪ್ರಾಸ್ಟೇಟ್ ಕ್ಯಾನ್ಸರ್ ಪರೀಕ್ಷೆಯಲ್ಲಿ ರಕ್ತದಲ್ಲಿ ಅಳೆಯುವುದು ಇದನ್ನೇ. ಬಹುಕಾಲ ವೈದ್ಯರು ಗಡಿ ಎಂದು ಇಟ್ಟುಕೊಂಡದ್ದು ಮಿಲಿಲೀಟರ್‌ಗೆ 4 ನ್ಯಾನೋಗ್ರಾಂ. ಅಣುತೂಕ ಸುಮಾರು 33 ಕಿಲೋಡಾಲ್ಟನ್ ಎಂದು ಹಿಡಿದರೆ ಅದು ಸುಮಾರು 120 ಪಿಕೋಮೋಲಾರ್. ಅಂದರೆ ಈ ಗಡಿಯ ಮಟ್ಟ ನೋಡಲು ಪಿಕೋಮೋಲಾರ್‌ನ ಸಾವಿರದಲ್ಲೊಂದು ಭಾಗವಾದ ಫೆಮ್ಟೋಮೋಲಾರ್ ಬೇಕಿಲ್ಲ! ಎಲ್ಲರೂ ಫೆಮ್ಟೋಮೋಲಾರ್ ಹಿಂದೆ ಓಡುತ್ತಾರೆ ಎಂದು ನೀವೂ ಓಡಬೇಕಾಗಿಲ್ಲ. ನನಗೆ ಕೇಳಿದರೆ, 100 ಪಿಕೋಮೋಲಾರನ್ನು ಹತ್ತು ಚಿಪ್‌ಗಳಲ್ಲಿ ಹತ್ತು ಸಲ ಒಂದೇ ಥರ ಅಳೆಯುವ ಸೆನ್ಸರ್, 1 ಫೆಮ್ಟೋಮೋಲಾರನ್ನು ಒಂದು ಸಲ ತೋರಿಸಿದ ಸೆನ್ಸರ್‌ಗಿಂತ ಎಷ್ಟೋ ಮೇಲು.

ಪಿಎಸ್‌ಎಯಲ್ಲಿ ಇನ್ನೊಂದು ತೊಡಕಿದೆ. ಪ್ರತಿ ಪ್ರೋಟೀನ್‌ಗೂ ಒಂದು ಪಿಹೆಚ್‌ನಲ್ಲಿ ಒಟ್ಟು ಚಾರ್ಜ್ ಸೊನ್ನೆಯಾಗುತ್ತದೆ. ಪಿಎಸ್‌ಎಗೆ ಅದು 7ರ ಹತ್ತಿರವೇ ಬರುತ್ತದೆ. ಅಂದರೆ 7.4ರ ಬಫರ್‌ನಲ್ಲಿ ಅದಕ್ಕೆ ಚಾರ್ಜ್ ತೀರಾ ಕಡಿಮೆ. ಪಿಹೆಚ್ 8ರ ಆಚೆಗೆ ಹೋದರೆ ಋಣ ಚಾರ್ಜ್ ಹೆಚ್ಚುತ್ತದೆ, ಸಿಗ್ನಲ್ ಸುಧಾರಿಸುತ್ತದೆ. ಈ ಒಂದು ಸಂಖ್ಯೆ ಮೊದಲೇ ನೋಡಿಟ್ಟುಕೊಂಡರೆ ವಾರಗಟ್ಟಲೆ ಕೆಲಸ ಉಳಿಯುತ್ತದೆ.

ಮೊದಲ ಪ್ರಯೋಗಕ್ಕೆ ಮಾತ್ರ ಪಿಎಸ್‌ಎ ಬೇಡ. ಬಯೋಟಿನ್–ಸ್ಟ್ರೆಪ್ಟಾವಿಡಿನ್ ಜೋಡಿಯಿಂದ ಶುರು ಮಾಡಿ. ಒಮ್ಮೆ ಹಿಡಿದುಕೊಂಡರೆ ಬಿಡದ ಜೋಡಿ ಅದು. ಬಯೋಟಿನ್ ಪುಟ್ಟ ಅಣು, ಸ್ಟ್ರೆಪ್ಟಾವಿಡಿನ್ ಸುಮಾರು 5 ನ್ಯಾನೋಮೀಟರ್ ಅಗಲ, 7.4ರಲ್ಲಿ ಋಣ ಚಾರ್ಜ್. ಇದು ಕೆಲಸ ಮಾಡದಿದ್ದರೆ, ಒಂದು ಪ್ರೋಟೀನನ್ನೇ ಗುರುತಿಸಿ ಹಿಡಿಯುವ ಆಂಟಿಬಾಡಿಯಂತೂ ಮಾಡುವುದಿಲ್ಲ.

ತಂತಿ ಮಾಡುವುದು

ಎರಡು ದಾರಿಗಳಿವೆ. ಒಂದು ಬೆಳೆಸುವುದು: ಚಿನ್ನದ ನ್ಯಾನೋ ಹನಿಯ ಮೇಲೆ ಸೈಲೇನ್ ಅನಿಲ ಹಾಯಿಸಿದರೆ ಹನಿಯ ಕೆಳಗಿನಿಂದ ಸಿಲಿಕಾನ್ ತಂತಿ ಮೇಲೇಳುತ್ತದೆ. ಲೀಬರ್ ಗುಂಪು ಮಾಡಿದ್ದು ಹೀಗೆ. ತಂತಿ ಚೆನ್ನಾಗಿರುತ್ತದೆ, ಆದರೆ ಅದನ್ನು ಬೇಕಾದ ಜಾಗದಲ್ಲಿ ಸಾಲಾಗಿ ಮಲಗಿಸುವುದು ದೊಡ್ಡ ಗೋಳು. ಇನ್ನೊಂದು ಕೊರೆಯುವುದು: ಸಿಲಿಕಾನ್, ಅದರಡಿ ಆಕ್ಸೈಡ್, ಅದರಡಿ ಮತ್ತೆ ಸಿಲಿಕಾನ್ ಇರುವ ಎಸ್‌ಒಐ ವೇಫರ್ ತಂದು ಮೇಲಿನ ತೆಳು ಪದರದಲ್ಲಿ ತಂತಿ ಕೊರೆಯುತ್ತಾರೆ. 2007ರಲ್ಲಿ ಯೇಲ್ ವಿಶ್ವವಿದ್ಯಾಲಯದ ಗುಂಪು ಈ ದಾರಿಯಲ್ಲಿ ಆಂಟಿಬಾಡಿಗಳನ್ನು ಪತ್ತೆ ಮಾಡಿ ತೋರಿಸಿತು. ಹೊಸಬರು ಇದನ್ನೇ ಹಿಡಿಯಿರಿ. ಜಾಗ, ಉದ್ದ, ಅಗಲ ಎಲ್ಲ ನಿಮ್ಮ ಕೈಯಲ್ಲಿರುತ್ತದೆ.

ಮೇಲಿನ ಪದರ 50ರಿಂದ 100 ನ್ಯಾನೋಮೀಟರ್ ಇರುವ, ಕಡಿಮೆ ಡೋಪಿಂಗ್‌ನ (ಬೆರಕೆ ಪರಮಾಣುಗಳು ಕಡಿಮೆಯಿರುವ) ಪಿ-ಬಗೆಯ ವೇಫರ್ ಸಾಕು. ಡೋಪಿಂಗ್ ಜಾಸ್ತಿಯಿದ್ದರೆ ತಂತಿಯೊಳಗಿನ ಹೋಲ್‌ಗಳೇ ಹೊರಗಿನ ಚಾರ್ಜನ್ನು ಮರೆಮಾಡುತ್ತವೆ, ಸೆನ್ಸರ್ ಮಂಕಾಗುತ್ತದೆ. ತಂತಿಯ ಆಕಾರವನ್ನು ಎಲೆಕ್ಟ್ರಾನ್ ಕಿರಣದ ಲಿಥೋಗ್ರಫಿಯಲ್ಲಿ ಬರೆದು, ಟಿಎಂಎಹೆಚ್ ಎಂಬ ಕ್ಷಾರದ ದ್ರಾವಣದಲ್ಲಿ ಅಥವಾ ಪ್ಲಾಸ್ಮಾದಲ್ಲಿ ಕೊರೆಯಬಹುದು. ಟಿಎಂಎಹೆಚ್ ಹರಳಿನ ಮುಖಗಳಿಗೆ ತಕ್ಕಂತೆ ಕೊರೆಯುವುದರಿಂದ ತಂತಿಯ ಅಂಚು ನುಣುಪಾಗಿರುತ್ತದೆ. ಪ್ಲಾಸ್ಮಾದಲ್ಲಿ ಅಂಚು ಒರಟಾಗಿ, ಕರೆಂಟ್‌ನ ಗದ್ದಲ ಹೆಚ್ಚುವ ಸಂಭವವಿದೆ.

ಲೋಹದ ಸಂಪರ್ಕ ಹಾಕುವ ಮೊದಲು ಆ ಜಾಗದ ಆಕ್ಸೈಡನ್ನು ಬಫರ್ ಮಾಡಿದ ಹೈಡ್ರೋಫ್ಲೋರಿಕ್ ಆಸಿಡ್‌ನಲ್ಲಿ ತೆಗೆಯಬೇಕು. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಈ ಆಸಿಡ್ ಚರ್ಮದೊಳಗೆ ಇಳಿದು ಮೂಳೆಯವರೆಗೂ ಹೋಗುತ್ತದೆ, ರಕ್ತದ ಕ್ಯಾಲ್ಸಿಯಂ ಕಸಿಯುತ್ತದೆ. ಮೊದಲಿಗೆ ನೋವು ಕೂಡ ಗೊತ್ತಾಗದೆ ಇರಬಹುದು. ಒಬ್ಬರೇ ಇರುವಾಗ ಎಂದೂ ಮುಟ್ಟಬೇಡಿ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಎಲ್ಲಿದೆ ಎಂದು ನೋಡಿ, ಅವಧಿ ಮುಗಿದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಶುರು ಮಾಡಿ.

ಲೋಹ ಹಾಕಿದ ಮೇಲೆ ಅದನ್ನು ನೀರು ತಾಗದಂತೆ ಮುಚ್ಚಬೇಕು. ಸಿಲಿಕಾನ್ ನೈಟ್ರೈಡ್ ಅಥವಾ ಎಸ್‌ಯು-8 ಎಂಬ ಪಾಲಿಮರ್‌ನ ಪದರ ಹಾಕಿ, ತಂತಿಯ ಮೇಲೆ ಮಾತ್ರ ಕಿಟಕಿ ಬಿಡಿ. ತಂತಿಯ ಮೈಗೆ 5ರಿಂದ 10 ನ್ಯಾನೋಮೀಟರ್ ಆಕ್ಸೈಡ್ ಬೇಕು. ಉಷ್ಣದಲ್ಲಿ ಬೆಳೆಸಿದ ಸಿಲಿಕಾನ್ ಡೈಆಕ್ಸೈಡ್ ರಸಾಯನಕ್ಕೆ ಅನುಕೂಲ. ಹಾಫ್ನಿಯಂ ಆಕ್ಸೈಡ್ ನೀರಿನಲ್ಲಿ ಹೆಚ್ಚು ಸ್ಥಿರ. ಇದನ್ನೆಲ್ಲ ಸರಿಯಾದ ಕ್ರಮದಲ್ಲಿ ಹೊಂದಿಸಿಕೊಳ್ಳಿ: ಆಕ್ಸೈಡ್ ಬೆಳೆಸುವಂಥ ಸುಡುವ ಕೆಲಸಗಳೆಲ್ಲ ಲೋಹ ಬರುವ ಮೊದಲೇ ಮುಗಿಯಬೇಕು.

ನಿಮ್ಮ ಕಾಲೇಜಿನಲ್ಲಿ ಕ್ಲೀನ್‌ರೂಮ್ ಇಲ್ಲದಿದ್ದರೆ ಕೈ ಚೆಲ್ಲಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ, ಮುಂಬೈ ಐಐಟಿಯಲ್ಲಿ, ಹೊರಗಿನ ಕಾಲೇಜಿನವರು ಬಂದು ತರಬೇತಿ ಪಡೆದು ಚಿಪ್ ಮಾಡಿಕೊಳ್ಳಲೆಂದೇ ಕೇಂದ್ರ ಸರ್ಕಾರದ ಐಎನ್‌ಯುಪಿ ಯೋಜನೆ ಇದೆ. ಪ್ರಸ್ತಾವ ಬರೆದು ಕೇಳಿ.

ಒಣಗಿದ ಚಿಪ್‌ನ ಪರೀಕ್ಷೆ

ನೀರು ಮುಟ್ಟಿಸುವ ಮೊದಲು ಒಣ ಚಿಪ್ ಅಳೆಯಿರಿ. ಸೋರ್ಸ್–ಡ್ರೇನ್ ನಡುವೆ ಸಣ್ಣ ವೋಲ್ಟೇಜ್ ಎರಡೂ ದಿಕ್ಕಿಗೆ ಕೊಟ್ಟರೆ ಕರೆಂಟ್ ನೇರ ಗೆರೆಯಲ್ಲಿ ಬರಬೇಕು. ಎಸ್ ಆಕಾರ ಬಂದರೆ ಸಂಪರ್ಕ ಕೆಟ್ಟಿದೆ. ಆಮೇಲೆ ಕೆಳಗಿನ ಸಿಲಿಕಾನನ್ನೇ ಗೇಟ್ ಮಾಡಿ ವೋಲ್ಟೇಜ್ ಏರಿಸಿ, ಇಳಿಸಿ. ಹೋದ ದಾರಿ ಬಂದ ದಾರಿ ಒಂದೇ ಆಗಿರಬೇಕು. ನಡುವೆ ದೊಡ್ಡ ಅಂತರ ಇದ್ದರೆ ಆಕ್ಸೈಡ್‌ನ ಗಡಿಯಲ್ಲಿ ಚಾರ್ಜ್ ಸಿಕ್ಕಿಹಾಕಿಕೊಳ್ಳುತ್ತಿದೆ. ಸ್ವಲ್ಪ ಹೈಡ್ರೋಜನ್ ಬೆರೆತ ನೈಟ್ರೋಜನ್‌ನಲ್ಲಿ 400 ಡಿಗ್ರಿಯ ಆಸುಪಾಸು ಅರ್ಧ ಗಂಟೆ ಕಾಯಿಸಿದರೆ ಬಹಳಷ್ಟು ಸುಧಾರಿಸುತ್ತದೆ. ಎಸ್‌ಯು-8 ಹಾಕುವುದಾದರೆ ಇದು ಅದಕ್ಕೂ ಮೊದಲೇ ಆಗಬೇಕು, ಆ ಬಿಸಿಯನ್ನು ಅದು ತಡೆಯುವುದಿಲ್ಲ.

ಕೆಟ್ಟ ತಂತಿಗಳ ಸಂಖ್ಯೆಯನ್ನೂ ಬರೆದಿಡಿ. ಕೊನೆಗೆ ಅದು ಬೇಕಾಗುತ್ತದೆ.

ನೀರಿಗಿಳಿಸುವಾಗ: ರೆಫರೆನ್ಸ್ ಎಲೆಕ್ಟ್ರೋಡ್

ಜನ ಅತಿ ಕಡಿಮೆ ಗಮನ ಕೊಡುವ, ಅತಿ ಹೆಚ್ಚು ದಾರಿ ತಪ್ಪಿಸುವ ಭಾಗ ಇದು. ದ್ರಾವಣದ ವೋಲ್ಟೇಜನ್ನು ಒಂದು ಕಡೆ ಕಟ್ಟಿ ನಿಲ್ಲಿಸದಿದ್ದರೆ ನೀವು ಅಳೆಯುವ ಯಾವುದಕ್ಕೂ ಅರ್ಥವಿಲ್ಲ. ಸುಮ್ನೆ ಒಂದು ಪ್ಲಾಟಿನಂ ಅಥವಾ ಚಿನ್ನದ ತಂತಿ ಅದ್ದಿದರೆ ಸಾಲದು. ಪ್ರೋಟೀನ್ ಆ ಲೋಹಕ್ಕೂ ಅಂಟುತ್ತದೆ, ಅದರ ವೋಲ್ಟೇಜ್ ಜರುಗುತ್ತದೆ. ನ್ಯಾನೋತಂತಿ ಅದನ್ನು ತನ್ನ ಮೇಲೆ ಅಣು ಕೂತ ಹಾಗೆಯೇ ತೋರಿಸುತ್ತದೆ.

ಬೆಳ್ಳಿ–ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡ್ ಬೇಕು. ಅದರಲ್ಲೂ ಒಂದು ಬಲೆ ಇದೆ, ನಾನು ಬಿದ್ದದ್ದು ಅದರಲ್ಲೇ. ಮೊದಮೊದಲು ಕ್ಲೋರೈಡ್ ಲೇಪಿಸಿದ ಬರೀ ಬೆಳ್ಳಿ ತಂತಿಯನ್ನು ನೇರ ದ್ರಾವಣದಲ್ಲಿ ಇಟ್ಟಿದ್ದೆ. ಸ್ಯಾಂಪಲ್ ಪೂರ್ಣ ಉಪ್ಪಿನ ಪಿಬಿಎಸ್‌ನಲ್ಲಿ (ಉಪ್ಪು ಬೆರೆತ ಫಾಸ್ಫೇಟ್ ಬಫರ್), ತೊಳೆಯುವ ಬಫರ್ ಅದರ ನೂರರಲ್ಲಿ ಒಂದು ಭಾಗ. ಬದಲಿಸಿದ ಕೂಡಲೇ ನೂರು ಮಿಲಿವೋಲ್ಟ್‌ಗೂ ಮೀರಿದ ಜಿಗಿತ. ಎರಡು ವಾರ ಅದನ್ನೇ ಸಿಗ್ನಲ್ ಎಂದು ನಂಬಿ ಗ್ರಾಫ್ ಹಾಕಿದೆ. ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು: ಬೆಳ್ಳಿ ತಂತಿಯ ವೋಲ್ಟೇಜ್ ಸುತ್ತಲಿನ ಕ್ಲೋರೈಡ್ ಮೇಲೆ ನಿಂತಿದೆ, ಹತ್ತು ಪಟ್ಟು ಬದಲಾವಣೆಗೆ ಸುಮಾರು 59 ಮಿಲಿವೋಲ್ಟ್. ನೂರು ಪಟ್ಟಿಗೆ 118. ನಾನು ಅಳೆದದ್ದು ಪ್ರೋಟೀನ್ ಅಲ್ಲ, ಉಪ್ಪು. ಒಳಗೇ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ತುಂಬಿ ಮುಚ್ಚಿದ ಎಲೆಕ್ಟ್ರೋಡ್ ತೆಗೆದುಕೊಂಡರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಅದನ್ನು ತಂತಿಗಳನ್ನು ದಾಟಿದ ಮೇಲೆ, ಹೊರಹೋಗುವ ಬದಿಯಲ್ಲಿ ಇಡಿ. ಒಳಗಿನ ಉಪ್ಪು ಸೋರಿದರೂ ತಂತಿಯ ಕಡೆ ಬರಬಾರದು.

ಈಗ ದ್ರಾವಣದ ಗೇಟ್ ವೋಲ್ಟೇಜ್ ಬದಲಿಸುತ್ತ ಕರೆಂಟ್ ಅಳೆಯಿರಿ. ಜೊತೆಗೆ ಗೇಟ್‌ನಿಂದ ಸೋರುವ ಕರೆಂಟನ್ನೂ ಅಳೆಯಿರಿ. ಅದು ತಂತಿಯ ಕರೆಂಟ್‌ನ ನೂರರಲ್ಲಿ ಒಂದು ಭಾಗ ದಾಟಿದರೆ ಆ ತಂತಿಯನ್ನು ಬಿಟ್ಟುಬಿಡಿ, ಮುಚ್ಚಿದ ಪದರದಲ್ಲಿ ಎಲ್ಲೋ ತೂತಿದೆ.

ಕರೆಂಟ್ ವೋಲ್ಟೇಜ್‌ಗೆ ಎಷ್ಟು ಬದಲಾಗುತ್ತದೆ ಎಂಬ ಇಳಿಜಾರು ಪ್ರತಿ ತಂತಿಗೂ ಬೇರೆ. ಆ ಇಳಿಜಾರನ್ನು ಬರೆದಿಟ್ಟುಕೊಳ್ಳಿ. ಮುಂದೆ ಬರುವ ಕರೆಂಟ್ ಬದಲಾವಣೆಯನ್ನೆಲ್ಲ ಇದರಿಂದ ಭಾಗಿಸಿ ಮಿಲಿವೋಲ್ಟ್‌ನಲ್ಲಿ ಹೇಳಿ. ಆಗ ಒಂದು ತಂತಿಯ ಅಳತೆಯನ್ನು ಇನ್ನೊಂದರ ಜೊತೆ ಹೋಲಿಸಬಹುದು. "ಕರೆಂಟ್ ಶೇ. 30 ಏರಿತು" ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ತಂತಿಯನ್ನು ಕರೆಂಟ್ ಬಹುತೇಕ ನಿಂತುಹೋಗುವ ಸ್ಥಿತಿಯಲ್ಲಿ ಇಟ್ಟರೆ ಅದೇ ಚಾರ್ಜ್‌ಗೆ ಶೇಕಡಾವಾರು ಬದಲಾವಣೆ ಬಹಳ ದೊಡ್ಡದಾಗಿ ಕಾಣುತ್ತದೆ, ಆದರೆ ಕರೆಂಟ್ ಸಣ್ಣದಾದ್ದರಿಂದ ಉಪಕರಣದ ಗದ್ದಲವೂ ಎದ್ದು ಕಾಣುತ್ತದೆ. ಇಳಿಜಾರು ಅತಿ ಹೆಚ್ಚಿರುವ ಕಡೆ ತಂತಿಯನ್ನು ನಿಲ್ಲಿಸಿ ಕೆಲಸ ಕಲಿಯಿರಿ. ಸಿಗ್ನಲ್‌ಗೂ ಗದ್ದಲಕ್ಕೂ ಇರುವ ಅಂತರ ಸಾಮಾನ್ಯವಾಗಿ ಅಲ್ಲೇ ಚೆನ್ನಾಗಿರುತ್ತದೆ.

ಕತ್ತಲೆಯ ಪೆಟ್ಟಿಗೆ ಕಡ್ಡಾಯ, ಸಿಲಿಕಾನ್ ಬೆಳಕಿಗೆ ಸ್ಪಂದಿಸುತ್ತದೆ. ಲಾಕ್-ಇನ್ ಆಂಪ್ಲಿಫೈಯರ್ (ಒಂದೇ ಆವರ್ತನದ ಸಿಗ್ನಲನ್ನು ಆರಿಸಿ ಅಳೆಯುವ ಉಪಕರಣ) ಇದ್ದರೆ 10ರಿಂದ 30 ಮಿಲಿವೋಲ್ಟ್‌ನ ಎಸಿ ಕೊಟ್ಟು ಅಳೆಯಿರಿ, 50 ಹರ್ಟ್ಸ್ ಮತ್ತು ಅದರ ಗುಣಕಗಳಿಂದ ದೂರವಿರಿ. ನಮ್ಮ ಗೋಡೆಯ ಕರೆಂಟ್ ಅದೇ ಅಲ್ವಾ.

ಪಿಹೆಚ್ ಪರೀಕ್ಷೆ

ಪ್ರೋಟೀನ್ ತರುವ ಮೊದಲು ಪಿಹೆಚ್ 4ರಿಂದ 9ರವರೆಗೆ ಬಫರ್‌ಗಳನ್ನು ಹಾಯಿಸಿ. ಎಲ್ಲದರಲ್ಲೂ ಒಟ್ಟು ಉಪ್ಪು ಒಂದೇ ಇರಲಿ. 25 ಡಿಗ್ರಿಯಲ್ಲಿ ಸಿಗಬಹುದಾದ ಗರಿಷ್ಠ ಒಂದು ಪಿಹೆಚ್‌ಗೆ ಸುಮಾರು 59 ಮಿಲಿವೋಲ್ಟ್. ಸಿಲಿಕಾನ್ ಡೈಆಕ್ಸೈಡ್‌ಗೆ 30ರಿಂದ 40 ಬಂದರೆ ಸರಿ, ಹಾಫ್ನಿಯಂ ಆಕ್ಸೈಡ್ ಗರಿಷ್ಠದ ಹತ್ತಿರ ಹೋಗುತ್ತದೆ. 59 ದಾಟಿದರೆ ಖುಷಿಪಡಬೇಡಿ. ಎಲ್ಲೋ ಲೆಕ್ಕ ತಪ್ಪಿದೆ ಅಥವಾ ಕೆಳಗಿನ ಸಿಲಿಕಾನ್‌ನ ಗೇಟ್ ಸೇರಿ ಅಳತೆಯನ್ನು ಹಿಗ್ಗಿಸುತ್ತಿದೆ.

ಈ ಸಂಖ್ಯೆ ಮುಂದೆಯೂ ಬೇಕು. ಒಂದು ಪಿಹೆಚ್‌ಗೆ 35 ಮಿಲಿವೋಲ್ಟ್ ಕೊಡುವ ತಂತಿಗೆ ಬಫರ್ 0.1 ಪಿಹೆಚ್ ತಪ್ಪಿದರೆ 3.5 ಮಿಲಿವೋಲ್ಟ್. ಪ್ರೋಟೀನ್ ಕೊಡುವುದೂ ಹಲವು ಸಲ ಅಷ್ಟೇ!

ಮೈಗೆ ರಸಾಯನ ಹಚ್ಚುವುದು

ಆಕ್ಸಿಜನ್ ಪ್ಲಾಸ್ಮಾದಲ್ಲಿ ಒಂದೆರಡು ನಿಮಿಷ ಇಟ್ಟು ಮೈ ಶುಚಿ ಮಾಡಿ. ಕೂಡಲೇ ಎಥನಾಲ್‌ನಲ್ಲಿ ಬೆರೆಸಿದ ಶೇ. 1–2 ಎಪಿಟಿಇಎಸ್‌ನಲ್ಲಿ (ಆಕ್ಸೈಡ್‌ಗೆ ಅಂಟಿ ಅಮೈನ್ ತುದಿ ಹೊರಗೆ ಬಿಡುವ ರಾಸಾಯನಿಕ) ಅರ್ಧದಿಂದ ಒಂದು ಗಂಟೆ ಇಡಿ. ಎಥನಾಲ್‌ನಲ್ಲಿ ಚೆನ್ನಾಗಿ ತೊಳೆದು, 110–120 ಡಿಗ್ರಿಯಲ್ಲಿ ಹತ್ತು ಹದಿನೈದು ನಿಮಿಷ ಕಾಯಿಸಿ. ಈಗ ಮೈ ತುಂಬ ಅಮೈನ್ ಗುಂಪುಗಳು ನಿಂತಿರುತ್ತವೆ.

ಕೆಟ್ಟರೆ ಎಲ್ಲವೂ ಕೆಡುವ ಹಂತ ಇದೇ. ಎಪಿಟಿಇಎಸ್‌ಗೆ ನೀರು ಜಾಸ್ತಿ ಸಿಕ್ಕರೆ ತನ್ನ ಜೊತೆ ತಾನೇ ಕೂಡಿಕೊಂಡು ಗಡ್ಡೆಗಟ್ಟುತ್ತದೆ. ಒಂದು ಅಣುವಿನ ಪದರ ಸುಮಾರು 0.7 ನ್ಯಾನೋಮೀಟರ್ ಇರಬೇಕು. ಗಡ್ಡೆ ಹತ್ತಾರು ನ್ಯಾನೋಮೀಟರ್ ಆಗಬಹುದು, ಆಗ ಪ್ರೋಟೀನ್ ತಂತಿಯಿಂದ ಬಲು ದೂರ. ಮಳೆಗಾಲದಲ್ಲಿ ಒಂದೇ ವಿಧಾನ ಬೇರೆ ಫಲ ಕೊಟ್ಟರೆ ಆಶ್ಚರ್ಯವಿಲ್ಲ. ಸಣ್ಣ ಬಾಟಲಿ ಕೊಳ್ಳಿ, ಒಣ ನೈಟ್ರೋಜನ್‌ನಲ್ಲಿ ಇಡಿ, ತೆರೆದ ತಾರೀಖನ್ನು ಬಾಟಲಿಯ ಮೇಲೆ ಬರೆಯಿರಿ. ಪ್ರತಿ ಸಲ ಅದೇ ಆಕ್ಸೈಡ್ ಇರುವ ತಂತಿಯಿಲ್ಲದ ಒಂದು ಚೂರನ್ನು ಚಿಪ್ ಜೊತೆಗೇ ಹಾಕಿ. ಅದರ ದಪ್ಪವನ್ನು ಎಲಿಪ್ಸೋಮೀಟರ್‌ನಲ್ಲಿ ನೋಡಿ, ಒಂದು ನೀರಿನ ಹನಿ ಇಟ್ಟು ಅದರ ಕೋನ ನೋಡಿ. ಪ್ಲಾಸ್ಮಾ ಆದ ಮೇಲೆ ನೀರು ಹರಡಿಹೋಗಬೇಕು, ಎಪಿಟಿಇಎಸ್ ಆದ ಮೇಲೆ ಹನಿ ಎದ್ದು ನಿಲ್ಲಬೇಕು.

ಬಯೋಟಿನ್ ಹಚ್ಚಲು ಸಲ್ಫೋ-ಎನ್‌ಹೆಚ್‌ಎಸ್-ಬಯೋಟಿನ್ ದ್ರಾವಣದಲ್ಲಿ ಒಂದೆರಡು ಗಂಟೆ ಇಟ್ಟರೆ ಮುಗಿಯಿತು. ಆಂಟಿಬಾಡಿಗೆ ಇನ್ನೊಂದು ಹಂತ ಬೇಕು. ಶೇ. 2.5 ಗ್ಲುಟರಾಲ್ಡಿಹೈಡ್‌ನಲ್ಲಿ ಒಂದು ಗಂಟೆ ಇಟ್ಟು ತೊಳೆಯಿರಿ. ನಂತರ ಮಿಲಿಲೀಟರ್‌ಗೆ 10ರಿಂದ 100 ಮೈಕ್ರೋಗ್ರಾಂ ಆಂಟಿಬಾಡಿ ಇರುವ, ಪಿಹೆಚ್ 8ರ ಫಾಸ್ಫೇಟ್ ಬಫರ್‌ನಲ್ಲಿ, ಸ್ವಲ್ಪ ಸೋಡಿಯಂ ಸಯನೋಬೋರೋಹೈಡ್ರೈಡ್ ಸೇರಿಸಿ ಎರಡು ಮೂರು ಗಂಟೆ. ಉಳಿದ ಆಲ್ಡಿಹೈಡ್ ತುದಿಗಳನ್ನು ಎಥನಾಲ್‌ಅಮೈನ್‌ನಿಂದ ಮುಚ್ಚಿ. ಸಯನೋಬೋರೋಹೈಡ್ರೈಡ್ ವಿಷ, ಆಸಿಡ್ ತಾಗಿದರೆ ಹೈಡ್ರೋಜನ್ ಸಯನೈಡ್ ಅನಿಲ ಬಿಡುತ್ತದೆ. ಹುಡ್ ಒಳಗೇ ಕೆಲಸ ಮಾಡಿ, ಅದರ ತ್ಯಾಜ್ಯವನ್ನು ಬೇರೆ ಡಬ್ಬಿಗೆ ಹಾಕಿ.

ಟ್ರಿಸ್ ಬಫರ್ ಇಲ್ಲಿ ಬಳಸಲೇಬೇಡಿ. ಅದರಲ್ಲೂ ಅಮೈನ್ ಇದೆ, ಆಂಟಿಬಾಡಿಯ ಜಾಗವನ್ನು ಅದೇ ಹಿಡಿದುಕೊಳ್ಳುತ್ತದೆ. ಆಂಟಿಬಾಡಿ ಕೊಳ್ಳುವಾಗಲೂ ಚೀಟಿ ಓದಿ. ಕೆಡದಿರಲೆಂದು ಅದಕ್ಕೆ ಅಲ್ಬುಮಿನ್ ಬೆರೆಸಿದ್ದರೆ ತಂತಿಯ ಮೇಲೆ ಕೂರುವುದು ಹೆಚ್ಚಾಗಿ ಅಲ್ಬುಮಿನ್ನೇ.

ಉಪ್ಪಿನ ಲೆಕ್ಕ

ಇಡೀ ವಿಷಯದ ತಿರುಳು ಇಲ್ಲಿದೆ. ದ್ರಾವಣದಲ್ಲಿ ಯಾವ ಚಾರ್ಜ್ ಸುತ್ತಲೂ ಎದುರು ಚಾರ್ಜಿನ ಅಯಾನುಗಳು ಬಂದು ಮುತ್ತಿಕೊಳ್ಳುತ್ತವೆ. ಸ್ವಲ್ಪ ದೂರ ಹೋದರೆ ಆ ಚಾರ್ಜ್ ಇದೆ ಎಂದೇ ತಿಳಿಯುವುದಿಲ್ಲ. ಆ ದೂರಕ್ಕೆ ಡಿಬೈ ಉದ್ದ ಎಂದು ಹೆಸರು. ಲೆಕ್ಕ ಸುಲಭ. ಅಡುಗೆ ಉಪ್ಪಿನಂಥ ಉಪ್ಪಿಗೆ ಕೋಣೆಯ ಉಷ್ಣದಲ್ಲಿ, ಮೋಲಾರ್‌ನಲ್ಲಿರುವ ಸಾಂದ್ರತೆಯ ವರ್ಗಮೂಲದಿಂದ 0.304 ಅನ್ನು ಭಾಗಿಸಿದರೆ ನ್ಯಾನೋಮೀಟರ್‌ನಲ್ಲಿ ಉತ್ತರ ಬರುತ್ತದೆ.

ಪೂರ್ಣ ಪಿಬಿಎಸ್‌ನಲ್ಲಿ ಇದು ಸುಮಾರು 0.75 ನ್ಯಾನೋಮೀಟರ್. ಹತ್ತರಲ್ಲಿ ಒಂದು ಭಾಗಕ್ಕೆ ತೆಳು ಮಾಡಿದರೆ ಸುಮಾರು 2.4. ನೂರರಲ್ಲಿ ಒಂದಕ್ಕೆ ಸುಮಾರು 7.5. ಇತ್ತ ಒಂದು ಇಡೀ ಆಂಟಿಬಾಡಿಯೇ 10 ನ್ಯಾನೋಮೀಟರ್‌ಗೂ ಹೆಚ್ಚು ಉದ್ದ. ಅದರ ತುದಿಯಲ್ಲಿ ಪಿಎಸ್‌ಎ ಕೂತರೆ ಪೂರ್ಣ ಉಪ್ಪಿನಲ್ಲಿ ತಂತಿಗೆ ಬಹುತೇಕ ಏನೂ ಗೊತ್ತಾಗುವುದಿಲ್ಲ. ಯೇಲ್ ಗುಂಪು 2007ರಲ್ಲಿ ಬಯೋಟಿನ್–ಸ್ಟ್ರೆಪ್ಟಾವಿಡಿನ್ ಜೋಡಿಯಲ್ಲೇ ಇದನ್ನು ಅಳೆದು ತೋರಿಸಿತು: ಅಂಟಿದ ಪ್ರೋಟೀನ್ ಅಲ್ಲೇ ಇದ್ದರೂ ಉಪ್ಪು ಏರಿಸಿದಂತೆ ಸಿಗ್ನಲ್ ಕರಗಿಹೋಗುತ್ತದೆ.

ಹಾಗಾದರೆ ಉಪ್ಪು ತೀರಾ ಕಡಿಮೆ ಮಾಡಿಬಿಡೋಣವೇ? ಬೇಡ. ಉಪ್ಪಿಲ್ಲದಿದ್ದರೆ ಚಾರ್ಜ್ ಇರುವ ಯಾವ ಪ್ರೋಟೀನ್ ಆದರೂ ಬಂದು ತಂತಿಗೆ ಅಂಟುತ್ತದೆ. ಬಫರ್‌ಗೆ ಪಿಹೆಚ್ ಹಿಡಿದಿಡುವ ಶಕ್ತಿಯೂ ಹೋಗುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದರೂ ಸಾಕು, ಪಿಹೆಚ್ ಇಳಿಯುತ್ತದೆ. ನಾನು ಮೆಚ್ಚುವ ದಾರಿ ಇದು: ಅಂಟಿಸುವ ಕೆಲಸ ಪೂರ್ಣ ಉಪ್ಪಿನಲ್ಲಿ, ಓದುವ ಕೆಲಸ ತೆಳು ಬಫರ್‌ನಲ್ಲಿ. ಮೊದಲು ತೆಳು ಬಫರ್‌ನಲ್ಲಿ ಓದಿ, ಆಮೇಲೆ ಪೂರ್ಣ ಉಪ್ಪಿನಲ್ಲಿ ಸ್ಯಾಂಪಲ್ ಹಾಯಿಸಿ, ತೊಳೆದು, ಮತ್ತೆ ಅದೇ ತೆಳು ಬಫರ್‌ನಲ್ಲಿ ಓದಿ. ಎರಡು ಓದುಗಳ ನಡುವಿನ ವ್ಯತ್ಯಾಸವೇ ಸಿಗ್ನಲ್. ಕ್ಷಣಕ್ಷಣದ ಚಂದದ ಗ್ರಾಫ್ ಸಿಗುವುದಿಲ್ಲ, ಆದರೆ ನಂಬಬಹುದು.

ಹಿಡಿಯುವ ಅಣುವನ್ನು ಗಿಡ್ಡ ಮಾಡುವುದು ಇನ್ನೊಂದು ಉಪಾಯ. ಆಂಟಿಬಾಡಿಯ ತೋಳಿನ ತುಂಡು, ಒಂಟೆ ಜಾತಿಯ ಪ್ರಾಣಿಗಳ ಆಂಟಿಬಾಡಿಯಿಂದ ಪಡೆಯುವ ನ್ಯಾನೋಬಾಡಿ, ಡಿಎನ್‌ಎಯಿಂದ ಮಾಡಿದ ಆಪ್ಟಮರ್ ಎಲ್ಲವೂ ಇದಕ್ಕೆ ಆಗುತ್ತವೆ. ಆಪ್ಟಮರ್‌ನ ಬೆನ್ನೆಲುಬೇ ಋಣ ಚಾರ್ಜ್ ಹೊತ್ತಿದೆ. ಗುರಿ ಅಣು ಸಿಕ್ಕಾಗ ಅದು ಮಡಿಚಿಕೊಂಡರೆ ಆ ಚಾರ್ಜೇ ತಂತಿಯ ಹತ್ತಿರ ಬರುತ್ತದೆ ಅಥವಾ ದೂರ ಸರಿಯುತ್ತದೆ. ಚಾರ್ಜ್ ಇಲ್ಲದ ಪುಟ್ಟ ಅಣುವನ್ನೂ ಹೀಗೆ ನೋಡಬಹುದು.

ಮೊದಲ ಓಟ

ಪಿಡಿಎಂಎಸ್ ರಬ್ಬರಿನಲ್ಲಿ ಕಾಲುವೆ ಮಾಡಿ ಚಿಪ್ ಮೇಲೆ ಒತ್ತಿ. ನಿಮಿಷಕ್ಕೆ 10–20 ಮೈಕ್ರೋಲೀಟರ್ ಹರಿವು ಸಾಕು. ದ್ರಾವಣಗಳನ್ನು ಮೊದಲೇ ನಿರ್ವಾತದಲ್ಲಿಟ್ಟು ಗಾಳಿ ತೆಗೆಯಿರಿ. ಒಂದು ಗುಳ್ಳೆ ತಂತಿಯ ಮೇಲೆ ಹಾದರೆ ಆ ದಿನದ ಅಳತೆ ಮುಗಿದಂತೆಯೇ.

ಬಫರ್ ಹಾಯಿಸುತ್ತ ಒಂದೆರಡು ಗಂಟೆ ಸುಮ್ನೆ ಬಿಡಿ. ಆಕ್ಸೈಡ್ ನೀರು ಕುಡಿದು ನೆಲೆಗೊಳ್ಳುವವರೆಗೆ ಕರೆಂಟ್ ನಿಧಾನ ಜರುಗುತ್ತಲೇ ಇರುತ್ತದೆ. ಗೆರೆ ಚಪ್ಪಟೆಯಾದ ಮೇಲೆ ಅದೇ ಬಫರನ್ನು ಬೇರೆ ಸಿರಿಂಜಿನಿಂದ ಹಾಯಿಸಿ. ಏನೂ ಆಗಬಾರದು. ಆದರೆ ಹಲವು ಸಲ ಆಗುತ್ತದೆ! ಅದು ಹರಿವು, ಉಷ್ಣ ಅಥವಾ ಪಿಹೆಚ್‌ನ ವ್ಯತ್ಯಾಸ. ಅದನ್ನು ಸರಿಮಾಡದೆ ಮುಂದೆ ಹೋಗಬೇಡಿ.

ಆಮೇಲೆ 10 ನ್ಯಾನೋಮೋಲಾರ್ ಸ್ಟ್ರೆಪ್ಟಾವಿಡಿನ್. ಪಿ-ತಂತಿಯಲ್ಲಿ ಕರೆಂಟ್ ಏರಿ ನಿಲ್ಲಬೇಕು, ಬಫರ್‌ನಿಂದ ತೊಳೆದರೂ ಇಳಿಯಬಾರದು. ಪ್ರತಿ ಸಾಂದ್ರತೆಗೂ ಹೊಸ ಚಿಪ್ ಬಳಸಿ, ಇಲ್ಲವೇ ಕಡಿಮೆಯಿಂದ ಹೆಚ್ಚಿಗೆ ಹೋಗಿ. ಈ ಜೋಡಿಯನ್ನು ಬಿಡಿಸಲು ಆಗುವುದಿಲ್ಲ.

ತೀರಾ ಕಡಿಮೆ ಸಾಂದ್ರತೆಗೆ ತಾಳ್ಮೆ ಬೇಕು. 10 ಫೆಮ್ಟೋಮೋಲಾರ್ ದ್ರಾವಣದ ಒಂದು ಮೈಕ್ರೋಲೀಟರ್‌ನಲ್ಲಿ ಇರುವುದು ಸುಮಾರು 6,000 ಅಣು. ಅವು ತೇಲಾಡುತ್ತ, ಒಂದು ಚದರ ಮೈಕ್ರಾನ್‌ಗಿಂತಲೂ ಚಿಕ್ಕ ಮೈಯ ತಂತಿಯನ್ನು ಹುಡುಕಿಕೊಂಡು ಬರಬೇಕು. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಆಗಬಹುದು. ಹತ್ತು ಸೆಕೆಂಡಿನಲ್ಲಿ ಫೆಮ್ಟೋಮೋಲಾರ್ ಸಿಗ್ನಲ್ ಬಂದರೆ ಮೊದಲು ಅನುಮಾನಿಸಿ. ದಾರಿಯಲ್ಲಿ ಟ್ಯೂಬಿನ ಗೋಡೆಗೆ ಅಂಟಿ ಕಳೆದುಹೋಗುವ ಪ್ರೋಟೀನ್‌ನ ಲೆಕ್ಕವೂ ಇದೆ. ಪ್ರೋಟೀನ್ ಅಂಟದ ಬಗೆಯ ಟ್ಯೂಬ್ ಬಳಸಿ.

ಸಿಗ್ನಲ್ ಅಣುವಿನದ್ದೇ ಎಂದು ತೋರಿಸುವುದು

ಈ ಪರೀಕ್ಷೆಗಳನ್ನು ಕೊನೆಗೆ ಸಮಯ ಸಿಕ್ಕರೆ ಮಾಡೋಣ ಎಂದು ಇಡಬೇಡಿ. ಮೊದಲ ಓಟದ ಮರುದಿನವೇ ಮಾಡಿ.

ಸ್ಟ್ರೆಪ್ಟಾವಿಡಿನ್‌ಗೆ ಮೊದಲೇ ಬಯೋಟಿನ್ ಬೆರೆಸಿ ಅದರ ಜಾಗಗಳನ್ನೆಲ್ಲ ತುಂಬಿಬಿಡಿ, ಆಮೇಲೆ ತಂತಿಯ ಮೇಲೆ ಹಾಯಿಸಿ. ಪ್ರೋಟೀನ್ ಅದೇ, ಸಾಂದ್ರತೆ ಅದೇ, ಆದರೆ ಸಿಗ್ನಲ್ ಬರಬಾರದು. ಬಂದರೆ ಅದು ಎಲ್ಲೆಂದರಲ್ಲಿ ಅಂಟುತ್ತಿದೆ. ನನಗೆ ಅತಿ ಹೆಚ್ಚು ನಂಬಿಕೆ ಇರುವ ಪರೀಕ್ಷೆ ಇದೇ.

ಆಂಟಿಬಾಡಿ ಚಿಪ್‌ನಲ್ಲಿ ಕೆಲವು ತಂತಿಗಳಿಗೆ ಬೇರೆ ಯಾವುದೋ ಆಂಟಿಬಾಡಿ ಹಚ್ಚಿ, ಅದೇ ಸ್ಯಾಂಪಲ್ ಎರಡರ ಮೇಲೂ ಒಟ್ಟಿಗೆ ಹರಿಯಲಿ. ಬರೀ ಎಥನಾಲ್‌ಅಮೈನ್ ಹಚ್ಚಿದ ತಂತಿ ಇದಕ್ಕೆ ಸಾಲದು, ಅದರ ಮೈಯೇ ಬೇರೆ ಥರ.

ಪಿ ಮತ್ತು ಎನ್ ಎರಡೂ ಬಗೆಯ ತಂತಿ ಒಂದೇ ಚಿಪ್‌ನಲ್ಲಿದ್ದರೆ ಇನ್ನೂ ಚೆನ್ನ. ಚಾರ್ಜ್ ಕೂತರೆ ಒಂದು ಏರಬೇಕು, ಇನ್ನೊಂದು ಇಳಿಯಬೇಕು. ಎರಡೂ ಒಂದೇ ಕಡೆ ಹೋದರೆ ಅದು ಗುಳ್ಳೆ, ಬೆಳಕು ಅಥವಾ ವಿದ್ಯುತ್ತಿನ ಗದ್ದಲ. 2005ರಲ್ಲಿ ಲೀಬರ್ ಗುಂಪು ಕ್ಯಾನ್ಸರ್ ಗುರುತುಗಳನ್ನು ಅಳೆಯುವಾಗ ಸುಳ್ಳು ಸಿಗ್ನಲ್ ಬೇರ್ಪಡಿಸಿದ್ದು ಹೀಗೆಯೇ. ಒಂದು ಎಚ್ಚರಿಕೆ: ಪಿಹೆಚ್ ಜರುಗಿದರೂ, ರೆಫರೆನ್ಸ್ ಜರುಗಿದರೂ ಇವೆರಡು ಎದುರು ದಿಕ್ಕಿಗೇ ಹೋಗುತ್ತವೆ. ಹಾಗಾಗಿ ಬೇರೆ ಆಂಟಿಬಾಡಿಯ ತಂತಿ ಇದ್ದೇ ಇರಬೇಕು.

ಕೊನೆಯದಾಗಿ, ಅಂಟಿದ ಮೇಲೆ ಉಪ್ಪು ಏರಿಸಿ, ಇಳಿಸಿ. ಪಕ್ಕದಲ್ಲಿ ಬೇರೆ ಆಂಟಿಬಾಡಿಯ ತಂತಿ ಇಟ್ಟುಕೊಂಡು ಎರಡರ ವ್ಯತ್ಯಾಸ ನೋಡಿ. ಅದು ಉಪ್ಪಿನಲ್ಲಿ ಕುಗ್ಗಿ, ತೆಳು ಬಫರ್‌ಗೆ ಬಂದಾಗ ಮರಳಿ ಬರಬೇಕು.

ಅಳತೆಯ ಮಿತಿಯನ್ನು ಹೇಳುವಾಗ ಖಾಲಿ ಬಫರನ್ನೇ ಸ್ಯಾಂಪಲ್ ಎಂದು ಹಲವು ಚಿಪ್‌ಗಳಲ್ಲಿ ಓಡಿಸಿ. ಅದರ ಸರಾಸರಿಗೆ ಮೂರು ಪಟ್ಟು ಪ್ರಮಾಣಿತ ವಿಚಲನೆ ಸೇರಿಸಿದ ಗೆರೆಯ ಕೆಳಗಿನದನ್ನು ಸಿಗ್ನಲ್ ಎನ್ನಬೇಡಿ. ಒಂದೇ ಚಿಪ್‌ನ ಹತ್ತು ತಂತಿ ಹತ್ತು ಪ್ರಯೋಗವಲ್ಲ. ಅದು ಒಂದೇ ಪ್ರಯೋಗ.

ಸೀರಂಗೆ ಹೋಗುವಾಗ

ಶುದ್ಧ ಬಫರ್‌ನಲ್ಲಿ ಗೆದ್ದ ಸೆನ್ಸರ್ ರಕ್ತದ ಸೀರಂನಲ್ಲಿ ಸೋಲುವುದು ಸಾಮಾನ್ಯ. ಸೀರಂನಲ್ಲಿ ಮಿಲಿಲೀಟರ್‌ಗೆ ಸುಮಾರು 40 ಮಿಲಿಗ್ರಾಂ ಅಲ್ಬುಮಿನ್ ಇರುತ್ತದೆ. 4 ನ್ಯಾನೋಗ್ರಾಂ ಪಿಎಸ್‌ಎ ಎದುರು ಅದು ಒಂದು ಕೋಟಿ ಪಟ್ಟು. ಕೋಟಿಗೊಂದು ಅಲ್ಬುಮಿನ್ ತಪ್ಪಿ ಬಂದು ಕೂತರೂ ಲೆಕ್ಕ ಏರುಪೇರು.

ಉಪ್ಪು ತೆಗೆಯುವ ಕಾಲಂನಲ್ಲಿ ಸೀರಂ ಹಾಯಿಸಿ ತೆಳು ಬಫರ್‌ಗೆ ತರುವುದು ಒಂದು ದಾರಿ. 2010ರಲ್ಲಿ ಯೇಲ್ ಗುಂಪು ತೋರಿಸಿದ್ದು ಇದಕ್ಕಿಂತ ಜಾಣ ದಾರಿ ಎಂದು ನನ್ನ ಅನಿಸಿಕೆ. ಒಂದು ಚಿಪ್‌ನಲ್ಲಿ ರಕ್ತದಿಂದ ಗುರಿ ಪ್ರೋಟೀನನ್ನು ಮಾತ್ರ ಹಿಡಿದು, ಉಳಿದದ್ದನ್ನು ತೊಳೆದು, ಹಿಡಿದದ್ದನ್ನು ಶುದ್ಧ ತೆಳು ಬಫರ್‌ಗೆ ಬಿಟ್ಟು, ಆಮೇಲೆ ನ್ಯಾನೋತಂತಿಯ ಮೇಲೆ ಹಾಯಿಸಿದರು. ತಂತಿ ರಕ್ತವನ್ನು ನೋಡುವುದೇ ಇಲ್ಲ.

ಯಾವ ದಾರಿ ಹಿಡಿದರೂ, ಪಿಎಸ್‌ಎ ಇಲ್ಲದ ಸೀರಂ ಒಂದನ್ನು ಅದೇ ಹಂತಗಳಲ್ಲಿ ಹಾಯಿಸಿ ಹೋಲಿಕೆಗೆ ಇಟ್ಟುಕೊಳ್ಳಿ. ಹೆಣ್ಣುಮಕ್ಕಳ ಸೀರಂನಲ್ಲಿ ಪಿಎಸ್‌ಎ ತೀರಾ ಕಡಿಮೆ, ಅದು ಇದಕ್ಕೆ ಒಳ್ಳೆಯದು. ಮನುಷ್ಯರ ಸ್ಯಾಂಪಲ್ ಮುಟ್ಟುವ ಮೊದಲು ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪತ್ರ ಕೈಯಲ್ಲಿರಬೇಕು, ಹೆಪಟೈಟಿಸ್ ಬಿ ಲಸಿಕೆ ಆಗಿರಬೇಕು. ಅದೇ ಸ್ಯಾಂಪಲ್‌ಗಳ ಇನ್ನೊಂದು ಪಾಲನ್ನು ಎಲೈಸಾದಲ್ಲಿ (ಆಂಟಿಬಾಡಿ ಬಳಸುವ, ಲ್ಯಾಬ್‌ಗಳ ರೂಢಿಯ ಪರೀಕ್ಷೆ) ಅಳೆಸಿ. ಆ ಸಂಖ್ಯೆಗಳನ್ನು ತಂತಿಯ ಲೆಕ್ಕ ಮುಗಿಯುವವರೆಗೆ ತೆರೆಯಬೇಡಿ, ಗೆಳೆಯರೊಬ್ಬರ ಬಳಿ ಮುಚ್ಚಿದ ಲಕೋಟೆಯಲ್ಲಿ ಇರಲಿ.